ಅಮಾನತಿನ ದಿನಗಳ ಅನ್ನ

1985ರಲ್ಲಿ ಕೋಲಾರ ಚಿನ್ನದ ಗಣಿಯ ಭದ್ರತಾ ಅಧಿಕಾರಿಯೊಬ್ಬರ ಮನೆಯ ಮೇಲೆ ಪೊಲೀಸರು ದಾಳಿ ನಡೆಸಿದರು. ನಾಲ್ಕೂವರೆ ಗ್ರಾಂ ತೂಕದ ಚಿನ್ನದ ಉಂಡೆ, 1,276 ಗ್ರಾಂ ಚಿನ್ನಮಿಶ್ರಿತ ಮರಳು ಸಿಕ್ಕಿತೆಂಬುದು ಆರೋಪ. ಅಧಿಕಾರಿ ಅಮಾನತಾದರು. ಒಂದೆಡೆ ಕ್ರಿಮಿನಲ್ ಮೊಕದ್ದಮೆ. ಇನ್ನೊಂದೆಡೆ ಗಣಿ ನಡೆಸುತ್ತಿದ್ದ ಸರ್ಕಾರಿ ಸಂಸ್ಥೆ ಭಾರತ್ ಗೋಲ್ಡ್ ಮೈನ್ಸ್‌ನ ಇಲಾಖಾ ವಿಚಾರಣೆ.

ಮೊಕದ್ದಮೆ ಮುಗಿಯುವ ತನಕ ವಿಚಾರಣೆ ನಿಲ್ಲಿಸಿ ಎಂದು ಅವರು ಕೇಳಿಕೊಂಡರು, ಸಂಸ್ಥೆ ಒಪ್ಪಲಿಲ್ಲ. ಕಾಯಿಲೆಯೆಂದು ವೈದ್ಯರ ಪ್ರಮಾಣಪತ್ರ ಕೊಟ್ಟರೂ ದಿನ ಮುಂದೂಡಲಿಲ್ಲ. ಅಮಾನತಿನಲ್ಲಿರುವವರಿಗೆ ಸಲ್ಲಬೇಕಾದ ಜೀವನಾಧಾರ ಭತ್ಯೆಯೂ ಬರಲಿಲ್ಲ. ಅವರ ಗೈರುಹಾಜರಿಯಲ್ಲೇ ವಿಚಾರಣೆ ಮುಗಿದು, 1986ರ ಜೂನ್‌ನಲ್ಲಿ ವಜಾ ಆದೇಶ ಹೊರಬಿತ್ತು. 1987ರ ಫೆಬ್ರುವರಿಯಲ್ಲಿ ಕ್ರಿಮಿನಲ್ ನ್ಯಾಯಾಲಯ ಅವರನ್ನು ಖುಲಾಸೆಗೊಳಿಸಿತು: ಆ ಮನೆಯಲ್ಲಿ ಶೋಧವೂ ನಡೆದಿರಲಿಲ್ಲ, ಏನೂ ಸಿಕ್ಕಿರಲೂ ಇಲ್ಲ. ಆದರೂ ಕೆಲಸ ಮರಳಿ ಸಿಗಲಿಲ್ಲ.

ಹೈಕೋರ್ಟಿನ ಏಕಸದಸ್ಯ ಪೀಠದಲ್ಲಿ ಗೆದ್ದು, ವಿಭಾಗೀಯ ಪೀಠದಲ್ಲಿ ಸೋತ ಅವರು ಸುಪ್ರೀಂ ಕೋರ್ಟಿಗೆ ಹೋದರು. 1999ರ ಮಾರ್ಚ್ 30ರ ತೀರ್ಪು ಎರಡು ಮಾತು ಹೇಳಿತು. ಖುಲಾಸೆಯಾದ ಮಾತ್ರಕ್ಕೆ ಇಲಾಖಾ ವಿಚಾರಣೆ ತಾನಾಗಿ ಬಿದ್ದುಹೋಗದು. ಆದರೆ ಎರಡೂ ಕಡೆ ಅದೇ ದಾಳಿ, ಅದೇ ಪೊಲೀಸರು, ಅದೇ ಪಂಚರು ಆಧಾರವಾಗಿದ್ದಾಗ ಒಂದೆಡೆ ಸುಳ್ಳಾದದ್ದು ಇನ್ನೊಂದೆಡೆ ನಿಜವಾಗಿ ಉಳಿಯಲಾಗದು. ಎರಡನೆಯದು ಇನ್ನೂ ಮೂಲಭೂತ: ಭತ್ಯೆ ಕೊಡದೆ, ಕಾಯಿಲೆಯನ್ನೂ ಲೆಕ್ಕಿಸದೆ ನಡೆಸಿದ ವಿಚಾರಣೆ ಸಹಜ ನ್ಯಾಯಕ್ಕೆ ವಿರುದ್ಧ. ಮರಳಿ ಕೆಲಸ, ಅಮಾನತಿನ ದಿನದಿಂದ ಪೂರ್ತಿ ಬಾಕಿ ಸಂಬಳ ಕೊಡಲು ಆದೇಶವಾಯಿತು. ಅಷ್ಟರಲ್ಲಿ ಹದಿನಾಲ್ಕು ವರ್ಷ ಕಳೆದಿತ್ತು.

ಸಂಸ್ಥೆ ಸರ್ಕಾರದ್ದಾದ್ದರಿಂದ ಅವರಿಗೆ ರಿಟ್ ಅರ್ಜಿಯ ದಾರಿಯಿತ್ತು. ಖಾಸಗಿ ಕಾರ್ಖಾನೆಯ ಕಾರ್ಮಿಕರ ದಾರಿ ಬೇರೆ. 1965ರ ತಿದ್ದುಪಡಿಯಿಂದ, ಸಂಘದ ಬೆಂಬಲವಿಲ್ಲದೆಯೂ ಒಬ್ಬನೇ ಕಾರ್ಮಿಕನ ವಜಾ ಕೈಗಾರಿಕಾ ವಿವಾದವೆನಿಸಿತು. 1971ರ ತಿದ್ದುಪಡಿ ಸಾಕ್ಷ್ಯವನ್ನು ಮತ್ತೆ ತೂಗಿ ನೋಡುವ, ಶಿಕ್ಷೆಯನ್ನು ತಗ್ಗಿಸುವ ಅಧಿಕಾರವನ್ನು ಕಾರ್ಮಿಕ ನ್ಯಾಯಾಲಯಕ್ಕೆ ಕೊಟ್ಟಿತು. 1982ರಲ್ಲಿ ಸ್ಥಾಯಿ ಆದೇಶಗಳ ಕಾಯ್ದೆಗೆ ಭತ್ಯೆಯ ಹಕ್ಕು ಸೇರಿತು: ಮೊದಲ 90 ದಿನ ಅರ್ಧ ಸಂಬಳ, ವಿಳಂಬಕ್ಕೆ ಕಾರ್ಮಿಕ ಕಾರಣನಲ್ಲದಿದ್ದರೆ ಆಮೇಲೆ ಮುಕ್ಕಾಲು. 2020ರ ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲೂ ಈ ಪ್ರಮಾಣಗಳು ಉಳಿದಿವೆ.

ಸುಳ್ಳು ಆರೋಪ ಹೊತ್ತವರು ಮೊದಲು ಸತ್ಯ ಸಾಬೀತುಪಡಿಸಲು ಓಡುತ್ತಾರೆ. ಅದಕ್ಕೂ ಮುನ್ನ ಭತ್ಯೆಯನ್ನು ಬರಹದಲ್ಲಿ ಕೇಳಿಡಬೇಕೆಂಬುದು ಈ ಪ್ರಕರಣದ ಪಾಠ. ಮನೆಯಲ್ಲಿ ಒಲೆ ಉರಿಯದಿದ್ದರೆ, ಉತ್ತರ ಹೇಳಲು ಕೊಟ್ಟ ಅವಕಾಶ ಕಾಗದದ ಮೇಲಷ್ಟೇ ಉಳಿಯುತ್ತದೆ. ಗಣಿ 2001ರಲ್ಲಿ ಮುಚ್ಚಿತು. ತೀರ್ಪನ್ನು ವಕೀಲರು ಈಗಲೂ ಉಲ್ಲೇಖಿಸುತ್ತಾರೆ.