ಕಾಗದದ ತುತ್ತೂರಿ ಹೂ

ಬಾಸ್ಟನ್ ಹತ್ತಿರದ ಮಗಳ ಮನೆಗೆ ಹೋದಾಗಲೆಲ್ಲ ಹಮ್ಮಿಂಗ್‌ಬರ್ಡ್‌ಗೆ ಪಾನಕ ಮಾಡುವ ಕೆಲಸ ನನ್ನದು. ನಾಲ್ಕು ಲೋಟ ನೀರಿಗೆ ಒಂದು ಲೋಟ ಬಿಳಿ ಸಕ್ಕರೆ, ಅಷ್ಟೆ. ಮೊದಲ ಸಲ ಊರಿಂದ ಒಯ್ದ ಬೆಲ್ಲ ಕರಗಿಸಿಟ್ಟಿದ್ದೆ, ಸಕ್ಕರೆಗಿಂತ ಒಳ್ಳೆಯದು ಅಂತ. ಬೆಲ್ಲದ ಕಬ್ಬಿಣದಂಶ ಆ ಮೂರು ಗ್ರಾಂ ಜೀವಕ್ಕೆ ತಡೆಯದಂತೆ. ಮಗಳು ಅಷ್ಟನ್ನೂ ಸಿಂಕಿಗೆ ಸುರಿದಳು.

ಈ ಹಕ್ಕಿಯನ್ನು ಹಿತ್ತಿಲಿಗೆ ಕರೆಯುವ ಹುಚ್ಚು ಹಳೆಯದೇನಲ್ಲ. ಮೊದಲು ಜನಕ್ಕೆ ಅದು ಬೇಕಿದ್ದದ್ದು ಸತ್ತ ಮೇಲೆ. 1851ರಲ್ಲಿ ಲಂಡನ್ನಿನಲ್ಲಿ ಗಾಜಿನ ಪೆಟ್ಟಿಗೆಗಳ ತುಂಬ ಹಮ್ಮಿಂಗ್‌ಬರ್ಡ್ ಮೆರೆಸಿದ ಜಾನ್ ಗೂಲ್ಡ್, ಜೀವಂತ ಹಕ್ಕಿಯೊಂದನ್ನು ಕಣ್ಣಾರೆ ಕಂಡದ್ದು 1857ರಲ್ಲಿ, ಫಿಲಡೆಲ್ಫಿಯಾದ ಬಾರ್ಟ್ರಂ ತೋಟದಲ್ಲಿ! ಆಮೇಲೆ ಹೆಂಗಸರ ಟೋಪಿಗಳ ಸರದಿ. ಗರಿಯಷ್ಟೇ ಅಲ್ಲ, ಇಡೀ ಹಕ್ಕಿಯನ್ನೇ ಟೋಪಿಗೆ ಹೊಲಿಯುತ್ತಿದ್ದರು. 1896ರಲ್ಲಿ ಬಾಸ್ಟನ್ನಿನ ಹ್ಯಾರಿಯೆಟ್ ಹೆಮನ್‌ವೇ ಮತ್ತು ಮಿನಾ ಹಾಲ್ ಊರಿನ ಸಿರಿವಂತ ಗೆಳತಿಯರನ್ನು ಚಹಾಕ್ಕೆ ಕರೆದು ಆ ಚಾಳಿ ಬಿಡಿಸಲು ಹೊರಟರು. ಸಭೆ ಭಾಷಣಗಳಿಗಿಂತ ಚಹಾ ಹೆಚ್ಚು ಕೆಲಸ ಮಾಡಿತೆಂದು ನನ್ನ ಗುಮಾನಿ.

ನಾಲ್ಕೇ ವರ್ಷದ ಮೇಲೆ, ಪಕ್ಕದ ಬ್ರೂಕ್‌ಲೈನ್‌ನ ಕ್ಯಾರೊಲಿನ್ ಸೋಲ್ ಮಾಡಿದ್ದು ನೋಡಿ. ದಪ್ಪ ಕಾಗದದಲ್ಲಿ ತುತ್ತೂರಿ ಹೂ ಕತ್ತರಿಸಿ, ಬಣ್ಣ ಬಳಿದು, ಒಳಗೊಂದು ಪುಟ್ಟ ಸೀಸೆ ಕೂರಿಸಿ, ಸಕ್ಕರೆ ನೀರು ತುಂಬಿ ನಿಜವಾದ ತುತ್ತೂರಿ ಬಳ್ಳಿಗೇ ಕಟ್ಟಿದಳು. ಹಕ್ಕಿ ಮೋಸಹೋಯಿತು. ಅದನ್ನಾಕೆ 1900ರಲ್ಲಿ 'ಬರ್ಡ್ ಲೋರ್' ಪತ್ರಿಕೆಗೆ ಬರೆದಳು. ಹಕ್ಕಿಗೆ ಬಲೆ ಹೆಣೆಯುವ ಕೈ ಎಷ್ಟೋ ಇದ್ದವು; ಹೂ ಹೆಣೆದ ಈ ಕೈಯ ಮೇಲೆ ನನಗೆ ವಿಶೇಷ ಪ್ರೀತಿ.

ಹಕ್ಕಿಗೆಂದೇ ಮಾಡಿದ ಗಾಜಿನ ಬಾಟಲಿ ಬಂದದ್ದು ತಡವಾಗಿ. 1928ರ 'ನ್ಯಾಷನಲ್ ಜಿಯಾಗ್ರಫಿಕ್' ಲೇಖನವೊಂದನ್ನು ಓದಿದ ಹೆಂಡತಿ ಮೇ ಸಲುವಾಗಿ ಲಾರೆನ್ಸ್ ವೆಬ್‌ಸ್ಟರ್ ಗಾಜಿನದೊಂದು ಮಾಡಿಸಿದ. ನ್ಯೂ ಹ್ಯಾಂಪ್‌ಶೈರ್‌ನ ಅವರ ಹೋಲ್ಡರ್‌ನೆಸ್ ಮನೆಯಲ್ಲೇ ಎಡ್ಜರ್‌ಟನ್ ಎಂಬ ಎಂಜಿನಿಯರ್ ತನ್ನ ಮಿಂಚುದೀಪದಿಂದ ಹಕ್ಕಿಯ ರೆಕ್ಕೆಗಳನ್ನು ನಿಲ್ಲಿಸಿ ಫೋಟೊ ತೆಗೆದದ್ದು. ಅಂಗಡಿಗೆ ಬಾಟಲಿ ಬಂದದ್ದು 1950ರಲ್ಲಿ.

ಮಗಳ ಬಾಟಲಿಗೂ ಕೆಂಪು ಪ್ಲಾಸ್ಟಿಕ್ ಹೂಗಳಿವೆ. ಇವತ್ತು ಬೆಳಗ್ಗೆ ಹಕ್ಕಿ ಅದನ್ನು ಬಿಟ್ಟು ನನ್ನ ಇಳಕಲ್ ಸೀರೆಯ ಕೆಂಪು ಸೆರಗಿನ ಮುಂದೆ ಗುಂಯ್‌ಗುಡುತ್ತ ನಿಂತಿತು. ಕೊಕ್ಕನ್ನು ಅತ್ತಿತ್ತ ಹೊರಳಿಸಿ ನೋಡಿ, ಏನೂ ಸಿಗದೆ ಬಾಟಲಿಗೆ ಮರಳಿತು.