ಹತ್ತು ಪಣದ ಮನೆ, ಮೂರು ಪಣದ ಮನೆ

ಲಕ್ಷ್ಮೇಶ್ವರದ ಕಂಬಶಾಸನ ಅಂದ ಕೂಡಲೆ ಶಾಸನಪ್ರಿಯರಿಗೆ ನೆನಪಾಗೋದು ‘ಆಚಾರವ್ಯವಸ್ಥೆ’ ಎಂಬ ಮಾತು. ಬಾದಾಮಿ ಚಾಲುಕ್ಯರ ಯುವರಾಜ ವಿಕ್ರಮಾದಿತ್ಯ ಪೊರಿಗೆರೆಯ ಮಹಾಜನರಿಗೆ, ನಗರಕ್ಕೆ, ಹದಿನೆಂಟು ಪ್ರಕೃತಿಗಳಿಗೆ ಕೊಟ್ಟ ಕಟ್ಟಳೆ ಇದು. ಈತ ವಿಜಯಾದಿತ್ಯನ ಮಗ. ಮುಂದೆ 733ರಲ್ಲಿ ಪಟ್ಟಕ್ಕೆ ಬಂದು ಇಮ್ಮಡಿ ವಿಕ್ರಮಾದಿತ್ಯ ಅನಿಸಿಕೊಂಡವನು. ಶಾಸನದ ಕಾಲ ಸುಮಾರು ಕ್ರಿ.ಶ. 725. ಭಾಷೆ ಹಳಗನ್ನಡ. ಎಲ್.ಡಿ. ಬಾರ್ನೆಟ್ ಇದನ್ನು ಎಪಿಗ್ರಾಫಿಯಾ ಇಂಡಿಕಾದ 14ನೇ ಸಂಪುಟದಲ್ಲಿ ಸಂಪಾದಿಸಿದ್ದಾರೆ. ಊರ ಆಡಳಿತ, ಶ್ರೇಣಿಗಳ ಹಕ್ಕು, ಸ್ಥಳೀಯ ಸ್ವಾಯತ್ತತೆ ಅಂತೆಲ್ಲ ಇದರ ಬಗ್ಗೆ ಬರೆದದ್ದು ಬೇಕಾದಷ್ಟಿದೆ. ನನಗೆ ಇಲ್ಲಿ ಬೇಕಾಗಿರೋದು ಅದರೊಳಗಿನ ಎರಡೇ ಸಂಗತಿ. ಎರಡೂ ಮನೆಗೆ ಸಂಬಂಧಪಟ್ಟವು.

ಮೊದಲನೆಯದು ತೆರಿಗೆ. ಜನ ವಾಸವಿರುವ ಮನೆಗಳನ್ನು ಈ ಶಾಸನ ದರ್ಜೆ ಮಾಡುತ್ತದೆ. ಮೇಲ್ದರ್ಜೆಯ ಮನೆ 10 ಪಣ, ನಡುವಿನದು 7 ಪಣ, ಅದಕ್ಕಿಂತ ಕೆಳಗಿನದು 5, ತೀರ ಕೆಳಗಿನದು 3 ಪಣ ಕೊಡಬೇಕು. ಎರಡನೆಯದು ಕಾವಲು. ಒಕ್ಕಲಿಲ್ಲದ ಮನೆಗಳನ್ನು, ಅಂದರೆ ಪಾಳುಬಿದ್ದ ಮನೆಗಳನ್ನು, ರಾಜಪುರುಷರು ಕಾಯಬೇಕು. ರಾಜನ ದತ್ತಿ, ತಾಮ್ರಶಾಸನ, ಅನುಭವಿಸಿಕೊಂಡು ಬಂದ ಭೋಗ ಇವುಗಳ ಜೊತೆಗೇ, ಅದೇ ಪಟ್ಟಿಯಲ್ಲಿ, ಈ ಮಾತೂ ಬರುತ್ತದೆ.

ಹದಿಮೂರು ಶತಮಾನದ ಹಿಂದೆ, ಇವತ್ತಿನ ಗದಗ ಜಿಲ್ಲೆಯ ಒಂದು ಊರಲ್ಲಿ, ಯಾವ ಮನೆ ಎಷ್ಟು ಕೊಡಬೇಕು ಅನ್ನೋದು ಕಲ್ಲಿನ ಮೇಲೆ ಬಯಲಲ್ಲಿ ನಿಂತಿತ್ತು. ವಸೂಲಿಗೆ ಬಂದವನು ಏಳು ಪಣದ ಮನೆಗೆ ಎಂಟು ಕೇಳಿದರೆ ಕಂಬದ ಕಡೆ ಕೈ ತೋರಿಸಬಹುದಾಗಿತ್ತು. ಇದನ್ನು ನಾನು ಸಣ್ಣ ಸಂಗತಿ ಅಂದುಕೊಂಡಿಲ್ಲ.

ಹಾಗಾದರೆ ಇದು ನ್ಯಾಯವಾದ ತೆರಿಗೆಯೇ? ಇಲ್ಲಿ ಸ್ವಲ್ಪ ತಡೆದು ನೋಡಬೇಕು. ದರ್ಜೆ ಇದೆ ಅನ್ನೋ ಕಾರಣಕ್ಕೆ ನಮ್ಮವರು ಕೆಲವರು ಇದನ್ನು ‘ಉಳ್ಳವರಿಗೆ ಹೆಚ್ಚು, ಇಲ್ಲದವರಿಗೆ ಕಡಿಮೆ’ ಎಂದು ಹೊಗಳಿಬಿಡುತ್ತಾರೆ. ಲೆಕ್ಕ ಹಾಕಿ ನೋಡಿ. ಹತ್ತಕ್ಕೂ ಮೂರಕ್ಕೂ ಇರುವ ಅಂತರ ಮೂರು ಪಟ್ಟಿಗಿಂತ ತುಸು ಹೆಚ್ಚು, ಅಷ್ಟೇ. ಪುಲಿಗೆರೆ ಸಾಮಾನ್ಯ ಊರಲ್ಲ. ಮುನ್ನೂರು ಹಳ್ಳಿಗಳ ನಾಡಿಗೆ ಹೆಸರು ಕೊಟ್ಟ ಪಟ್ಟಣ. ತಿರುಳ್ಗನ್ನಡದ ಸೀಮೆ ಎಂದು ಕವಿರಾಜಮಾರ್ಗ ಎಣಿಸುವ ನಾಲ್ಕು ಊರುಗಳಲ್ಲಿ ಒಂದು. ಅಂಥ ಊರಿನ ದೊಡ್ಡ ವ್ಯಾಪಾರಿಯ ಮನೆಗೂ ಕೂಲಿಯವನ ಗುಡಿಸಲಿಗೂ ಇದ್ದ ಅಂತರ ಮೂರೇ ಪಟ್ಟು ಇದ್ದಿರಲಾರದು. ದರ್ಜೆ ಮಾಡಿದ್ದು ನಿಜ, ಆದರೆ ಕೆಳಗಿನವನ ಬೆನ್ನ ಮೇಲೇ ಹೊರೆ ಜಾಸ್ತಿ ಬಿದ್ದಿರಬೇಕು ಅಂತಲೇ ನನಗನ್ನಿಸುತ್ತದೆ. ಆದರೂ ಎಲ್ಲರಿಗೂ ಒಂದೇ ಅಂತ ಐದೋ ಆರೋ ಪಣ ಹೇರಿ ಕೈತೊಳೆದುಕೊಂಡಿಲ್ಲ, ಅದನ್ನು ಒಪ್ಪಲೇಬೇಕು.

ಹಣ ಎಲ್ಲಿಗೆ ಹೋಗುತ್ತಿತ್ತು ಅನ್ನೋದೂ ಮುಖ್ಯ. ಮನೆಯ ಪಣ ನಾಡಾಳುವ ಅಧಿಕಾರಿಗಳಿಗೆ. ಕಳವು ಮೊದಲಾದ ತಪ್ಪುಗಳ ದಂಡ, ಮಕ್ಕಳಿಲ್ಲದೆ ಸತ್ತವರ ಸ್ವತ್ತು ಇವು ಊರಿನ ಶ್ರೇಣಿಗೆ. ಅಂದರೆ ಊರಲ್ಲಿ ಹುಟ್ಟಿದ ಆದಾಯದ ಒಂದು ಪಾಲು ಊರಲ್ಲೇ ಉಳಿಯುತ್ತಿತ್ತು.

ಇನ್ನು ಪದಗಳ ಮಾತು. ‘ಪಣ’ವೇ ಮುಂದೆ ‘ಹಣ’ ಆದದ್ದು, ಇದು ಎಲ್ಲರಿಗೂ ಗೊತ್ತು. ಆ ಪಣ ಮನೆಗೆ ಸೇರಿ ‘ಮನೆವಣ’ ಆಯಿತು. ‘ತೆರೆ’ ಸೇರಿ ‘ಮನೆದೆರೆ’ ಆಯಿತು. ತೆರುವುದು ತೆರೆ, ಅದರಿಂದಲೇ ನಮ್ಮ ತೆರಿಗೆ. ಹೊಯ್ಸಳ, ವಿಜಯನಗರ ಕಾಲದ ಶಾಸನಗಳ ಪಟ್ಟಿಗಳಲ್ಲಿ ಗಾಣದೆರೆ, ಮಗ್ಗದೆರೆ, ಮನೆದೆರೆ ಎಲ್ಲ ಒಂದರ ಬೆನ್ನಿಗೆ ಒಂದು ಬರುತ್ತವೆ. ಹಳೆ ಮೈಸೂರಿನವರು ‘ಮನೆ ಕಂದಾಯ’ ಅನ್ನುತ್ತಾರೆ. ನಮ್ಮ ಕಡೆ ಈಗಲೂ ‘ಮನಿಪಟ್ಟಿ’; ಮರಾಠಿಯ ಘರಪಟ್ಟಿಯ ನೆರಳು ಅದು. ನಾಲ್ಕು ಹೆಸರು, ಕೊಡುವ ಕೈ ಮಾತ್ರ ಅದೇ.

ಆದರೆ ಈ ಪಟ್ಟಿಗಳನ್ನು ಓದುವಾಗ ಒಂದು ಎಚ್ಚರ ಬೇಕು. ಮನೆವಣವೋ ಮನೆದೆರೆಯೋ ಶಾಸನದಲ್ಲಿ ಕಾಣಿಸಿಕೊಳ್ಳೋದು ಬಹುಮಟ್ಟಿಗೆ ಅದನ್ನು ಬಿಟ್ಟುಕೊಟ್ಟಾಗ. ‘ಸರ್ವಬಾಧಾಪರಿಹಾರ’, ‘ಸರ್ವನಮಸ್ಯ’ ಅಂತ ದೇವಸ್ಥಾನಕ್ಕೋ ಅಗ್ರಹಾರಕ್ಕೋ ಊರು ಬಿಡುವಾಗ ಇಂತಿಂಥ ತೆರೆ ಇನ್ನು ಇಲ್ಲ ಎಂದು ಹೆಸರು ಹೇಳುತ್ತಾರೆ. ವಿನಾಯಿತಿ ಸಿಕ್ಕವನು ಕಲ್ಲು ಹಾಕಿಸಿದ. ಸಿಗದವನು ತೆರೆ ಕಟ್ಟಿಕೊಂಡೇ ಹೋದ, ಅವನಿಗೆ ಕಲ್ಲು ಹಾಕಿಸುವ ಕೆಲಸವೇ ಇರಲಿಲ್ಲ. ಎಪಿಗ್ರಾಫಿಯಾ ಕರ್ನಾಟಿಕಾ ಸಂಪುಟಗಳನ್ನು ತಿರುವಿ ಹಾಕಿ ‘ನಮ್ಮ ಅರಸರು ಎಷ್ಟು ತೆರಿಗೆ ಮನ್ನಾ ಮಾಡಿದರು ನೋಡಿ’ ಎಂದು ಬೀಗುವವರು ಇದನ್ನು ಮರೆಯುತ್ತಾರೆ. ಮನ್ನಾದ ಪಟ್ಟಿ ಎಷ್ಟು ಉದ್ದವೋ, ಪಕ್ಕದೂರಿನವನ ಮೇಲಿದ್ದ ಹೊರೆಯೂ ಅಷ್ಟೇ ಉದ್ದ. ಲಕ್ಷ್ಮೇಶ್ವರದ ಕಂಬ ಇದಕ್ಕೇ ದೊಡ್ಡದು: ಬಿಟ್ಟದ್ದನ್ನಲ್ಲ, ಕೊಡಬೇಕಾದ್ದನ್ನು ಅದು ದರದ ಸಮೇತ ಹೇಳುತ್ತದೆ.

ವಿನಾಯಿತಿ ಹೇಗೆ ಸಿಗುತ್ತಿತ್ತು ಅನ್ನೋದಕ್ಕೆ ಬಾದಾಮಿ ಸೀಮೆಯದೇ ಒಂದು ಉದಾಹರಣೆ. 16ನೇ ಶತಮಾನದ ನಡುವೆ, ಸದಾಶಿವರಾಯನ ಕಾಲದಲ್ಲಿ, ಕೊಂಡೋಜ ಎಂಬ ನಾವಿದನ ಕೆಲಸಕ್ಕೆ ಅಳಿಯ ರಾಮರಾಯ ಮೆಚ್ಚಿದ. ಆ ಮೆಚ್ಚುಗೆಯಿಂದ ನಾವಿದರ ತೆರೆ, ಬಿಟ್ಟಿ ಎಲ್ಲ ಬಿಟ್ಟುಹೋಯಿತು. ಊರೂರಲ್ಲಿ ಅದರ ಶಾಸನಗಳಿವೆ. ಕೊಂಡೋಜನ ಕೈಚಳಕಕ್ಕೆ ಶರಣು. ಆದರೆ ರಾಮರಾಯನ ಗಡ್ಡ ಮುಟ್ಟುವ ಅವಕಾಶ ಕುಂಬಾರನಿಗೂ ಮಡಿವಾಳನಿಗೂ ಇರಲಿಲ್ಲವಲ್ಲ!

ಕೇಳಿಕೊಂಡು ಅಲ್ಲ, ಒಟ್ಟಾಗಿ ನಿಂತು ದರ ಇಳಿಸಿಕೊಂಡವರೂ ಇದ್ದರು. ವಿಜಯನಗರದ ಎರಡನೇ ದೇವರಾಯನ ಆಳ್ವಿಕೆಯಲ್ಲಿ, 1429ರಲ್ಲಿ, ತಮಿಳು ಸೀಮೆಯ ವಲಂಗೈ ಇಡಂಗೈ ಪಂಗಡದವರು ಸೇರಿ ಅಧಿಕಾರಿಗಳ ಮತ್ತು ಭೂಮಾಲೀಕರ ಅನ್ಯಾಯದ ವಸೂಲಿಯನ್ನು ಒಪ್ಪೋದಿಲ್ಲ ಎಂದು ತೀರ್ಮಾನಿಸಿದರು. ಕೊರುಕ್ಕೈ ಊರಿನ ಶಾಸನ ಇದಕ್ಕೆ ಹೆಸರಾದದ್ದು. ಬೆಳೆ ನೋಡದೆ ತೆರಿಗೆ ಹಾಕಿದರು, ಊರು ಬಿಟ್ಟು ಓಡುವ ಸ್ಥಿತಿ ಬಂತು, ನಾವು ಒಗ್ಗಟ್ಟಾಗಿಲ್ಲದ್ದಕ್ಕೇ ಹೀಗಾಯಿತು ಅನ್ನುವ ಧಾಟಿಯಲ್ಲಿ ಅದು ಮಾತಾಡುತ್ತದೆ. ಜಪಾನಿನ ವಿದ್ವಾಂಸ ನೊಬೊರು ಕರಾಶಿಮಾ ಈ ಬಗ್ಗೆ ವಿವರವಾಗಿ ಬರೆದಿದ್ದಾರೆ. ನಮ್ಮ ಶಾಸನಾಸಕ್ತರು ಕರಾಶಿಮಾರನ್ನು ‘ತಮಿಳಿನವರ ಸಂಗತಿ’ ಅಂತ ಪಕ್ಕಕ್ಕಿಡೋದು ಸರಿಯಲ್ಲ. ಆಳುತ್ತಿದ್ದವರು ಹಂಪಿಯಿಂದಲೇ.

ಈಗ ಎರಡನೇ ಸಂಗತಿಗೆ, ಕಾವಲಿಗೆ ಬರೋಣ. ತೆರಿಗೆ ಕಟ್ಟಿದವನಿಗೆ ಬದಲಿಗೆ ಸಿಗಬೇಕಾದ್ದೇನು? ಧರ್ಮಶಾಸ್ತ್ರದ ಉತ್ತರ ನೇರವಾಗಿದೆ. ಕಳ್ಳರು ಕದ್ದ ಸ್ವತ್ತನ್ನು ರಾಜ ಪ್ರಜೆಗೆ ಕೊಡಿಸಬೇಕು ಎನ್ನುತ್ತದೆ ಯಾಜ್ಞವಲ್ಕ್ಯಸ್ಮೃತಿ. ಗೌತಮ ಧರ್ಮಸೂತ್ರ ಇನ್ನೊಂದು ಹೆಜ್ಜೆ ಮುಂದೆ: ಕದ್ದದ್ದು ಸಿಗದಿದ್ದರೆ ರಾಜ ತನ್ನ ಬೊಕ್ಕಸದಿಂದಲೇ ತುಂಬಿಕೊಡಬೇಕು. ಯಾಜ್ಞವಲ್ಕ್ಯಕ್ಕೆ ವಿಜ್ಞಾನೇಶ್ವರ ಮಿತಾಕ್ಷರ ಬರೆದದ್ದು ನಮ್ಮ ಕಲ್ಯಾಣದಲ್ಲೇ, ಆರನೇ ವಿಕ್ರಮಾದಿತ್ಯನ ಆಶ್ರಯದಲ್ಲಿ. ಇದನ್ನು ಇಂದಿನ ಮಾತಲ್ಲಿ ಹೇಳೋದಾದರೆ ಮನೆವಣದೊಳಗೇ ವಿಮೆಯ ಕಂತೂ ಸೇರಿತ್ತು. ಎರಡಕ್ಕೂ ಬೇರೆ ಬೇರೆ ರಸೀತಿ ಇರಲಿಲ್ಲ.

ಇದೆಲ್ಲ ಪುಸ್ತಕದ ಬದನೆಕಾಯಿ ಅನ್ನಬಹುದು. ಆದರೆ 16ನೇ ಶತಮಾನದ ಪೋರ್ಚುಗೀಸ್ ಕುದುರೆ ವ್ಯಾಪಾರಿ ನೂನಿಜ್ ವಿಜಯನಗರದ ಬಗ್ಗೆ ಬರೆದದ್ದೂ ಇದಕ್ಕೆ ಹತ್ತಿರವೇ. ದಾರಿಯಲ್ಲೋ ಊರಲ್ಲೋ ಕಳವಾಯಿತು ಅಂತ ಯಾರಾದರೂ ದೂರು ಕೊಟ್ಟರೆ ಆ ಸೀಮೆಯ ನಾಯಕನೇ ಹೊಣೆ. ಕಳ್ಳನನ್ನು ಹಿಡಿಯದಿದ್ದರೆ ನಾಯಕನ ಆಸ್ತಿಗೇ ಸಂಚಕಾರ. ರಾಜಧಾನಿಯ ಕಳವುಗಳಿಗೆ ಅಲ್ಲಿನ ಮುಖ್ಯ ಕಾವಲಧಿಕಾರಿ ಲೆಕ್ಕ ಕೊಡಬೇಕು. ಹಾಗಾಗಿ ಕಳವು ತುಂಬ ಕಡಿಮೆ ಎನ್ನುತ್ತಾನೆ ಆತ. ಕಾವಲಿಗೆಂದೇ ಶಾಸನಗಳಲ್ಲಿ ‘ತಳವಾರಿಕೆ’ ಎಂಬ ತೆರೆಯೂ ಇದೆ.

ಬೆಂಕಿಗೆ, ನೆರೆಗೆ ಇಂಥ ಹೊಣೆಯ ಮಾತು ಈ ಪಠ್ಯಗಳಲ್ಲಿಲ್ಲ, ಅದು ನಿಜ. ಕಳವಿನ ಮಟ್ಟಿಗೆ ಮಾತ್ರ. ಆದರೂ ಪಾಳ್ಮನೆಯನ್ನು ರಾಜಪುರುಷರು ಕಾಯಬೇಕು ಅಂತ ಲಕ್ಷ್ಮೇಶ್ವರದ ಶಾಸನ ಹೇಳಿದಾಗ ಆ ಮಾತಿನ ತೂಕ ನೋಡಿ. ಪಣ ಕೊಡುವವರು ಯಾರೂ ಇಲ್ಲದ ಮನೆ ಅದು. ಬರವೋ ದಂಡೋ ಬಂದು ಒಕ್ಕಲು ಎದ್ದುಹೋದರೂ ಮನೆ ಅನಾಥ ಆಗಬಾರದು. ಬಾಗಿಲು ತೊಲೆ ಕಿತ್ತುಕೊಂಡು ಹೋಗುವವರು ಆ ಕಾಲದಲ್ಲೂ ಇದ್ದರು ಅಂತ ಇದರ ಅರ್ಥ. ಇದನ್ನು ರಾಜ ಆ ಮನೆಗಳನ್ನು ವಶಪಡಿಸಿಕೊಳ್ಳುವ ಹಕ್ಕು ಅಂತ ಓದಬಹುದೇ? ನನಗೆ ಒಪ್ಪಿಗೆಯಿಲ್ಲ. ಅದೇ ಪಟ್ಟಿಯಲ್ಲಿರೋ ದತ್ತಿ, ಭೋಗ, ತಾಮ್ರಶಾಸನ ಎಲ್ಲವೂ ಪ್ರಜೆಗಳ ಹಕ್ಕಿನ ಆಧಾರಗಳು. ಅವುಗಳ ನಡುವೆ ಮನೆಯೊಂದೇ ಕಿತ್ತುಕೊಳ್ಳುವ ವಸ್ತುವಾಗಿ ಬರೋದು ಹೊಂದುವುದಿಲ್ಲ.

ಈ ಸಾಲು ನನ್ನನ್ನು ಬಿಡದೆ ಕಾಡಿದ್ದಕ್ಕೆ ಬೇರೆ ಕಾರಣವೂ ಉಂಟು. 2019ರ ಆಗಸ್ಟಿನಲ್ಲಿ ಮಲಪ್ರಭೆ ತುಂಬಿ ಬಂದಾಗ ನಮ್ಮ ಚಿಗವ್ವನ ಮನೆಯ ಎರಡು ಗೋಡೆ ಕೂತುಬಿಟ್ಟವು. ಮಣ್ಣಿನ ಗೋಡೆ, ಮೇಲ್ಮುದ್ದೆಯ ಮಾಳಿಗೆ. ಆಗ ಸರ್ಕಾರ ಬಿದ್ದ ಮನೆಗಳನ್ನು ಎ, ಬಿ, ಸಿ ಅಂತ ದರ್ಜೆ ಮಾಡಿತು. ಪೂರ್ತಿ ಹೋದ ಎ ದರ್ಜೆಗೆ 5 ಲಕ್ಷ ರೂಪಾಯಿ. ಸಿ ದರ್ಜೆಗೆ ಅದರ ಒಂದು ಚೂರು. ಚಿಗವ್ವನದು ಸಿ ಆಯಿತು. ಮಾಳಿಗೆ ಇನ್ನೂ ನಿಂತಿತ್ತಲ್ಲ, ಅದಕ್ಕೆ. ಜೊತೆಗೆ ಉತಾರ ತಗೊಂಡು ಬಾ, ಪಟ್ಟಿ ತುಂಬಿದ ಪಾವತಿ ತಗೊಂಡು ಬಾ ಅಂತ ಓಡಾಟ. ಸಾಸಿವೆ ಡಬ್ಬಿಯೊಳಗೆ ಮಡಿಚಿಟ್ಟಿದ್ದ ಪಾವತಿಗಳು ನೀರು ಕುಡಿದು ಒಂದಕ್ಕೊಂದು ಅಂಟಿದ್ದವು. “ಮೂವತ್ತ್ ವರ್ಷ ಮನಿಪಟ್ಟಿ ತುಂಬೇನಿ, ಆವಾಗೆಲ್ಲಾ ಮನಿ ಐತಿ ಅಂತಿದ್ರು. ಈಗ ಬಿದ್ದ ಮ್ಯಾಲ ಮನಿ ಎಲ್ಲೈತಿ ತೋರ್ಸು ಅಂತಾರ ನೋಡಪಾ” ಅಂದಳು. ನಾನು ಪಾವತಿ ಒಣಗಿಸುತ್ತಾ ಕೂತಿದ್ದೆ. ಪೊರಿಗೆರೆಯಲ್ಲಿ ದರ್ಜೆ ತೆರಿಗೆಗಿತ್ತು. ಇಲ್ಲಿ ದರ್ಜೆ ಪರಿಹಾರಕ್ಕೆ. ಪಟ್ಟಿ ಕೇಳುವಾಗ ಆಕೆಯ ಮನೆ ಯಾವತ್ತೂ ಸಿ ಆಗಿರಲಿಲ್ಲ.

ಪಟ್ಟಣದ ಮನೆಯವರ ಪಾಡು ಇನ್ನೊಂದು ಥರ. ಬೆಂಗಳೂರಿನಲ್ಲಿ ಬಿಬಿಎಂಪಿ 2008ರಲ್ಲಿ ಊರನ್ನು ಎ ಯಿಂದ ಎಫ್ ವರೆಗೆ ಆರು ವಲಯ ಮಾಡಿ ಚದರಡಿಗೆ ದರ ಕಟ್ಟಿತು. ಮಾಲೀಕನೇ ವಾಸವಿರುವ ಮನೆಗೆ ಬಾಡಿಗೆ ಮನೆಯ ಅರ್ಧ ದರ. ಹಳೇ ಕಟ್ಟಡಕ್ಕೆ ಸವಕಳಿ. ನಾಲ್ಕು ದರ್ಜೆಯ ಪೊರಿಗೆರೆಗಿಂತ ಇದು ಸೂಕ್ಷ್ಮವಾದ ಲೆಕ್ಕ, ಸಂಶಯವಿಲ್ಲ. ಬೇರೆ ಪಟ್ಟಣಗಳಲ್ಲಿ ಮಾರ್ಗಸೂಚಿ ಬೆಲೆಯೇ ಆಧಾರ. ರಸ್ತೆ ಅಗಲವಾಗಿ, ಪಕ್ಕದಲ್ಲಿ ಮಾಲ್ ಎದ್ದು ನಿಂತರೆ, ನಿವೃತ್ತ ಮೇಷ್ಟ್ರ ಹಳೇ ಹೆಂಚಿನ ಮನೆಯ ತೆರಿಗೆಯೂ ಏರುತ್ತದೆ. ಮನೆಯಲ್ಲಿ ಒಂದು ಹೆಂಚೂ ಹೊಸದಾಗಿರುವುದಿಲ್ಲ, ಪಿಂಚಣಿಯೂ ಅಷ್ಟೇ ಇರುತ್ತದೆ.

ವಿಮೆಯ ಲೆಕ್ಕ ಮಾತ್ರ ಬೇರೆ. 2021ರ ಏಪ್ರಿಲ್‌ನಿಂದ ಎಲ್ಲ ಸಾಮಾನ್ಯ ವಿಮಾ ಕಂಪನಿಗಳೂ ಮಾರಬೇಕಾಗಿ ಬಂದ ‘ಭಾರತ್ ಗೃಹ ರಕ್ಷಾ’ ಪಾಲಿಸಿಯಲ್ಲಿ ಮನೆಯ ಬೆಲೆ ಅಂದರೆ ಮತ್ತೆ ಕಟ್ಟಲು ತಗಲುವ ಖರ್ಚು. ಜಾಗದ ಬೆಲೆ ಅದರಲ್ಲಿಲ್ಲ, ಜಾಗ ಸುಟ್ಟುಹೋಗೋದಿಲ್ಲವಲ್ಲ. ಹೀಗಾಗಿ ಒಂದೇ ಮನೆಗೆ ಎರಡು ಅಳತೆಗೋಲು. ತೆರಿಗೆ ಕೇಳುವಾಗ ಜಾಗದ ಬೆಲೆ ಲೆಕ್ಕಕ್ಕೆ ಬರುತ್ತದೆ, ನಷ್ಟ ತುಂಬಿಕೊಡುವಾಗ ಗೋಡೆಯದ್ದು ಮಾತ್ರ. ಎರಡಕ್ಕೂ ಅದರದರ ತರ್ಕವಿದೆ, ಒಪ್ಪುತ್ತೇನೆ. ಆದರೆ ಆ ವಿಮಾ ಕಂತಿನ ಮೇಲೂ ಶೇ. 18 ಜಿಎಸ್‌ಟಿ ಹಾಕೋದಕ್ಕೆ ಏನು ತರ್ಕ ಅಂತ ನನಗೆ ಹೊಳೆದಿಲ್ಲ. ಕಾಯುವ ಹೊಣೆ ಆಳುವವನದು, ಕೊಡದಿದ್ದರೆ ಬೊಕ್ಕಸದಿಂದ ತುಂಬಬೇಕು ಅಂದ ಗೌತಮನ ಮುಂದೆ ಈ ರಸೀತಿ ಹಿಡಿದರೆ ಏನಂದಾನೋ!

ಇರಲಿ, ಮತ್ತೆ ಕಲ್ಲಿಗೆ ಬರ್ತೀನಿ. ಮನೆಗಳ ದರ್ಜೆಯನ್ನು ಹೇಗೆ ಅಳೆಯುತ್ತಿದ್ದಿರಬಹುದು ಅನ್ನೋದಕ್ಕೆ ನಂತರದ ಶಾಸನಗಳಲ್ಲಿ ಒಂದು ಸುಳಿವು ಸಿಗುತ್ತದೆ. ಕಲ್ಯಾಣ ಚಾಲುಕ್ಯರ ಕಾಲದ ದಾನಶಾಸನಗಳಲ್ಲಿ ಮತ್ತರು ಲೆಕ್ಕದ ಹೊಲದ ಜೊತೆ ಮನೆ, ನಿವೇಶನ ಬಿಡುವಾಗ ‘ಇಷ್ಟು ಕೈ’ ಎಂದು ಅಳತೆ ಕೊಡುತ್ತಾರೆ. ಅಂದರೆ ಮನೆಯನ್ನು ಅಳೆದು ದಾಖಲಿಸುವ ರೂಢಿ ಗಟ್ಟಿಯಾಗಿತ್ತು. ತೆರೆಯ ದರ್ಜೆಗೂ ಇದೇ ಕೈ ಅಳತೆ ಆಧಾರವಾಗಿತ್ತೇ ಅನ್ನೋದನ್ನು ಊರಿಂದೂರಿಗೆ ಹೋಲಿಸಿ ನೋಡಬೇಕು. ಅದಕ್ಕೆ ನಿಮ್ಮ ಸಹಾಯ ಬೇಕು.

ನಿಮ್ಮೂರಿನ ಶಾಸನದಲ್ಲಿ ಮನೆವಣ, ಮನೆದೆರೆ, ಒಕ್ಕಲುದೆರೆ ಇವುಗಳಲ್ಲಿ ಯಾವುದಾದರೂ ಕಂಡರೆ ಆ ಪದವೊಂದನ್ನೇ ಬರೆದು ಕಳಿಸಬೇಡಿ. ಹಿಂದಿನ ಮುಂದಿನ ಮೂರು ನಾಲ್ಕು ಸಾಲು ಸೇರಿಸಿ ಕಳಿಸಿ: ತೆರೆ ಬಿಟ್ಟದ್ದೋ ಹಾಕಿದ್ದೋ, ಯಾರಿಗೆ ಬಿಟ್ಟದ್ದು, ಅದೇ ಶಾಸನದಲ್ಲಿ ‘ಕೈ’ ಅಳತೆ ಬಂದಿದೆಯೋ, ಪಾಳ್ಮನೆಯ ಮಾತಿದೆಯೋ. ಫೋಟೋ ತೆಗೆಯುವಾಗ ಬೆಳಗ್ಗೆಯ ಓರೆ ಬಿಸಿಲು ಒಳ್ಳೆಯದು. ಕಲ್ಲಿಗೆ ಸುಣ್ಣ, ಪೌಡರ್ ಹಚ್ಚಬೇಡಿ, ನೀರಲ್ಲಿ ಒರೆಸಿದರೆ ಸಾಕು.