ಅನಲ್ ಮಲಿಕ್: ಒಡೆತನ ಯಾರದು?

ಭಾಲ್ಕಿ ಹಿರೇಮಠದ ಚನ್ನಬಸವ ಪಟ್ಟದ್ದೇವರು ನಿಜಾಮರ ಕಾಲದಲ್ಲಿ ನಡೆಸಿದ ಶಾಲೆಯ ಸಂಗತಿಯನ್ನು ಬೀದರ್ ಸೀಮೆಯಲ್ಲಿ ಕೇಳದವರು ವಿರಳ. ಹೊರಗೆ ಉರ್ದು ಫಲಕ, ಒಳಗೆ ಕನ್ನಡ ಪಾಠ. ಜಾಣತನದ ಕಥೆಯೆಂದು ಹೇಳಿ ನಾವು ನಗುತ್ತೇವೆ. ಆದರೆ ಪ್ರಜೆಯ ನುಡಿ ಹೀಗೆ ಅಡಗಿ ಕೂರಬೇಕಾಗಿ ಬಂದರೆ ಆ ರಾಜ್ಯ ಯಾರದೆಂಬ ಪ್ರಶ್ನೆ ಏಳದೆ ಇರದು.

ಹಳೆಯ ಉತ್ತರ ಸರಳವಾಗಿತ್ತು: ರಾಜ್ಯ ಅರಸನದು. 1911ರಲ್ಲಿ ಪಟ್ಟಕ್ಕೆ ಬಂದ ಮೀರ್ ಉಸ್ಮಾನ್ ಅಲಿ ಖಾನರು ಮುಸಲ್ಮಾನರು. ಆದರೂ ಅವರ ಆಳಿಕೆಯಲ್ಲಿ ಮಹಾರಾಜ ಕಿಶನ್ ಪ್ರಸಾದರಂಥ ಹಿಂದೂ ಪ್ರಧಾನಿಗೆ ಎಡೆಯಿತ್ತು. ಅಧಿಕಾರ ಮೇಲಿನಿಂದ ಇಳಿಯುತ್ತಿತ್ತು, ಪ್ರಜೆಗಳು ಯಾವ ಮತದವರಾದರೂ ಪ್ರಜೆಗಳೇ.

ಈ ಉತ್ತರ ಲೋಕದಲ್ಲೆಲ್ಲ ಅಲುಗಾಡುತ್ತಿದ್ದ ಕಾಲವದು. 1924ರಲ್ಲಿ ತುರ್ಕರು ಖಿಲಾಫತ್ತನ್ನೇ ರದ್ದುಮಾಡಿದರು. ಪದಚ್ಯುತ ಖಲೀಫ ಅಬ್ದುಲ್ ಮಜೀದರಿಗೆ ನಿಜಾಮರು ವೇತನ ಕಟ್ಟಿದರು. 1931ರಲ್ಲಿ ಅವರ ಮಗಳನ್ನು ತಮ್ಮ ಹಿರಿಯ ಮಗನಿಗೆ ತಂದುಕೊಂಡರು. ಇತ್ತ ಈಜಿಪ್ಟಿನ ಅಲ್-ಅಜ್ಹರಿನ ವಿದ್ವಾಂಸ ಅಲಿ ಅಬ್ದುಲ್ ರಾಜಿಕ್ 1925ರಲ್ಲಿ ಒಂದು ಪುಸ್ತಕ ಬರೆದು, ಇಸ್ಲಾಂ ಇಂಥದೇ ಆಡಳಿತ ಪದ್ಧತಿಯನ್ನು ವಿಧಿಸಿಲ್ಲವೆಂದು ವಾದಿಸಿದ. ಅದಕ್ಕಾಗಿ ವಿದ್ವಾಂಸರ ಪಂಕ್ತಿಯಿಂದ ಹೊರದೂಡಲ್ಪಟ್ಟ. ಮುಸಲ್ಮಾನ ಜಗತ್ತಿನಲ್ಲಿ ರಾಜ್ಯವನ್ನು ಕುರಿತು ಒಂದೇ ಮಾತಿತ್ತೆಂದು ತಿಳಿದವರು ಈ ಜಗಳವನ್ನು ನೆನೆಯಬೇಕು.

ಹೈದರಾಬಾದಿನಲ್ಲಿ ಬೇರೊಂದು ಉತ್ತರ ಹುಟ್ಟಿತು. 1927ರಲ್ಲಿ ಸ್ಥಾಪನೆಯಾದ ಮಜ್ಲಿಸ್-ಎ-ಇತ್ತೆಹಾದುಲ್ ಮುಸ್ಲಿಮೀನ್, ವಾಗ್ಮಿ ಬಹಾದುರ್ ಯಾರ್ ಜಂಗರ ನೇತೃತ್ವದಲ್ಲಿ, ಒಡೆತನ ಮುಸಲ್ಮಾನ ಸಮುದಾಯದ್ದು, ನಿಜಾಮರು ಅದರ ಪ್ರತೀಕ ಮಾತ್ರ ಎಂದು ಸಾರಿತು. ‘ಅನಲ್ ಮಲಿಕ್’, ಅಂದರೆ ‘ನಾನೇ ಅರಸ’, ಎಂಬುದು ಅದರ ಘೋಷಣೆ. ಅರಸೊತ್ತಿಗೆಯನ್ನು ಜನಕ್ಕೆ ಹಂಚುವ ಮಾತಿನಂತೆ ಇದು ಕೇಳಿಸುತ್ತದೆ. ಆದರೆ ಹಂಚಿದ್ದು ಎಂಟರಲ್ಲಿ ಒಂದು ಪಾಲಿನಷ್ಟು ಜನಕ್ಕೆ. ಅವರಿಗೂ ಸಿಕ್ಕಿದ್ದು ಮಾತೇ. ಜಹಗೀರುಗಳು ಜಹಗೀರುದಾರರಲ್ಲೇ ಉಳಿದವು. ಬಡ ನೇಕಾರ, ಪಿಂಜಾರ, ಕೂಲಿಕಾರ ಬರಿಗೈಯ ಅರಸರಾದರು.

1946ರಲ್ಲಿ ಲಾತೂರಿನ ವಕೀಲ ಕಾಸಿಂ ರಜ್ವಿಯ ಕೈಗೆ ಬಂದಮೇಲೆ ಈ ಸಿದ್ಧಾಂತ ಬಂದೂಕು ಹಿಡಿಯಿತು. 1948ರ ಮೇ ತಿಂಗಳಲ್ಲಿ ಬಸವಕಲ್ಯಾಣ ಸೀಮೆಯ ಗೋರ್ಟಾ ಗ್ರಾಮದಲ್ಲಿ ರಜಾಕಾರರು ಹರಿಸಿದ ನೆತ್ತರನ್ನು ಜಿಲ್ಲೆ ಮರೆತಿಲ್ಲ. ವಿಲೀನವೇ ಸರಿಯೆಂದು ಬರೆದ ‘ಇಮ್ರೋಜ್’ ಉರ್ದು ಪತ್ರಿಕೆಯ ಸಂಪಾದಕ ಶೋಯೆಬುಲ್ಲಾ ಖಾನರನ್ನು ಅದೇ ವರ್ಷ ಆಗಸ್ಟಿನಲ್ಲಿ ಕೊಲ್ಲಲಾಯಿತು. ತನ್ನ ಹೆಸರಿನಲ್ಲಿ ಬೇರೆಯವರು ಅರಸರಾಗುವುದನ್ನು ಒಪ್ಪದ ಮುಸಲ್ಮಾನ ಅವರು.

ಸೆಪ್ಟೆಂಬರ್ 13ರಂದು ಆರಂಭವಾದ ಪೊಲೀಸ್ ಕಾರ್ಯಾಚರಣೆ ಐದು ದಿನಗಳಲ್ಲಿ ಮುಗಿಯಿತು. ಮುಗಿಯದೆ ಉಳಿದದ್ದು ಸೇಡು. ಭಾರತ ಸರ್ಕಾರ ಕಳುಹಿಸಿದ ಪಂಡಿತ ಸುಂದರಲಾಲರ ಸಮಿತಿ, ಸಂಸ್ಥಾನದಲ್ಲೆಲ್ಲ 27,000ದಿಂದ 40,000 ಜನ ಸತ್ತಿರಬೇಕೆಂದು ಅಂದಾಜು ಮಾಡಿತು. ಅತಿ ಹೆಚ್ಚು ನೊಂದ ನಾಲ್ಕು ಜಿಲ್ಲೆಗಳಲ್ಲಿ ಬೀದರ್ ಒಂದು. ಆ ವರದಿ ದಶಕಗಳ ಕಾಲ ಬೆಳಕು ಕಾಣಲಿಲ್ಲ. ಸತ್ತವರಲ್ಲಿ ರಜ್ವಿಯ ಭಾಷಣವನ್ನು ಎಂದೂ ಕೇಳದವರು ಎಷ್ಟು ಮಂದಿಯೋ. ‘ನೀನೇ ಅರಸ’ ಎಂದು ಕೂಗಿದವರಲ್ಲಿ ಹಲವರು ದೇಶಬಿಟ್ಟು ಹೋದರು. ಸುಂಕ ತೆತ್ತವರು ಊರಲ್ಲಿ ಉಳಿದವರು.

1949ರ ನವೆಂಬರ್ 23ರಂದು ನಿಜಾಮರು ಫರ್ಮಾನು ಹೊರಡಿಸಿ ಭಾರತದ ಸಂವಿಧಾನವನ್ನು ಅಂಗೀಕರಿಸಿದರು. 1956ರಲ್ಲಿ ಬೀದರ್ ಜಿಲ್ಲೆ ಮೂರು ಪಾಲಾಗಿ, ಬೀದರ್, ಭಾಲ್ಕಿ, ಔರಾದ್ ಮೈಸೂರು ರಾಜ್ಯಕ್ಕೆ ಬಂದವು. ಉದಗೀರ ಮುಂಬಯಿಗೂ ಜಹೀರಾಬಾದ್ ಆಂಧ್ರಕ್ಕೂ ಹೋದವು.

ಔರಾದಿನ ಸಂತೆಯಲ್ಲಿ ಈಗಲೂ ಕನ್ನಡ, ಮರಾಠಿ, ಉರ್ದು ಒಂದೇ ತಕ್ಕಡಿಯ ಸುತ್ತ ಕೇಳಿಬರುತ್ತವೆ. ಭಾಲ್ಕಿಯ ಫಲಕದ ಕಥೆ ಹೇಳುವಾಗ ನಾವು ನಮ್ಮನ್ನೂ ಒಂದು ಮಾತು ಕೇಳಿಕೊಳ್ಳಬೇಕು: ನಮ್ಮ ಆಳಿಕೆಯಲ್ಲಿ ಯಾರಾದರೂ ತಮ್ಮ ಪಾಠವನ್ನು ಒಳಗೆ ಅಡಗಿಸಿಕೊಂಡು ಕುಳಿತಿದ್ದಾರೆಯೆ? ಆ ಪ್ರಶ್ನೆಯನ್ನು ಬಿಟ್ಟರೆ ಪಟ್ಟದ್ದೇವರ ಸಾಹಸವನ್ನು ಅರ್ಧ ಮಾತ್ರ ತಿಳಿದಂತಾದೀತು.